ಮಣಿಯೊಳಗಿನ ಬ್ಯಾಕ್ಟೀರಿಯಾ ಕಟ್ಟುವ ನ್ಯೂಕ್ಲಿಯೊಸೈಡ್

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ಹರ್ಪಿಸ್ ಸೋಂಕಿಗೆ ಕೊಡುವ ಏಸೈಕ್ಲೊವಿರ್, ರಕ್ತದ ಕ್ಯಾನ್ಸರ್‌ಗೆ ಬಳಸುವ ಸೈಟರಬಿನ್, ಎಚ್‌ಐವಿಗೆ ಮೊದಲ ಔಷಧವಾಗಿ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜಿಡೋವುಡಿನ್, ಇವೆಲ್ಲ ಒಂದೇ ಕುಲಕ್ಕೆ ಸೇರಿದವು. ಇವು ನಮ್ಮ ಕೋಶಗಳಲ್ಲೇ ಇರುವ ನ್ಯೂಕ್ಲಿಯೊಸೈಡ್‌ಗಳನ್ನು ಹೋಲುವ ಅಣುಗಳು. ವೈರಸ್ಸೋ ಕ್ಯಾನ್ಸರ್ ಕೋಶವೋ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುವಾಗ ಇಂಥ ಅಣುವನ್ನು ತನ್ನದೆಂದು ಎತ್ತಿಕೊಂಡರೆ ನಕಲು ಅಲ್ಲಿಗೇ ತಡವರಿಸುತ್ತದೆ. ಇವತ್ತು ನಾನು ಮಾತನಾಡುವುದು ಈ ಔಷಧಗಳ ಪರಿಣಾಮದ ಬಗ್ಗೆ ಅಲ್ಲ. ಇಂಥ ಅಣುಗಳನ್ನು ಕಟ್ಟುವ ಕೆಲಸದ ಬಗ್ಗೆ.

ನ್ಯೂಕ್ಲಿಯೊಸೈಡ್ ಎಂದರೆ ಒಂದು ಸಕ್ಕರೆ, ಸಾರಜನಕವಿರುವ ಒಂದು ಪ್ರತ್ಯಾಮ್ಲ, ಎರಡರ ನಡುವೆ ಒಂದೇ ಒಂದು ಬಂಧ. ಕಾಗದದ ಮೇಲೆ ಸುಲಭ. ಪ್ರಯೋಗಾಲಯದಲ್ಲಿ ಮಾತ್ರ ಸಕ್ಕರೆಯ ಮೇಲಿನ ಹೈಡ್ರಾಕ್ಸಿಲ್ ಗುಂಪುಗಳೆಲ್ಲ ಪ್ರತಿಕ್ರಿಯೆಗೆ ಮುನ್ನುಗ್ಗುತ್ತವೆ. ಅವುಗಳನ್ನು ಮೊದಲು ಮುಚ್ಚಬೇಕು, ಬಂಧ ಹಾಕಿದ ಮೇಲೆ ಮತ್ತೆ ಬಿಚ್ಚಬೇಕು. ಪ್ಯೂರಿನ್ ಎಂಬ ಬಗೆಯ ಪ್ರತ್ಯಾಮ್ಲದಲ್ಲಿ, ಅಡೆನಿನ್‌ನಂಥದರಲ್ಲಿ, ಸಕ್ಕರೆ ಒಂಬತ್ತನೆಯ ಸ್ಥಾನದ ಸಾರಜನಕಕ್ಕೇ ಅಂಟಬೇಕು, ಆದರೆ ಏಳನೆಯದಕ್ಕೂ ಅಂಟಿಬಿಡಬಹುದು. ಬಂಧದ ದಿಕ್ಕು ಬೀಟಾ ಆಗಬೇಕು, ಆದರೆ ಆಲ್ಫಾವೂ ಜೊತೆಗೆ ಹುಟ್ಟಬಹುದು. ಬೇಕಾದದ್ದನ್ನು ಬೇಡದ್ದರಿಂದ ಬೇರ್ಪಡಿಸುವುದರಲ್ಲೇ ದ್ರಾವಕ, ಸಮಯ, ಹಣ ಎಲ್ಲ ಕರಗುತ್ತದೆ.

ಬ್ಯಾಕ್ಟೀರಿಯಾಗಳಿಗೆ ಈ ತಾಪತ್ರಯವಿಲ್ಲ. ಅವುಗಳಲ್ಲಿ ನ್ಯೂಕ್ಲಿಯೊಸೈಡ್ ಫಾಸ್ಫೊರಿಲೇಸ್ ಎಂಬ ಕಿಣ್ವಗಳಿವೆ. ಹಳೆಯ ನ್ಯೂಕ್ಲಿಯೊಸೈಡನ್ನು ಫಾಸ್ಫೇಟ್‌ನ ನೆರವಿನಿಂದ ಒಡೆದು ಮರುಬಳಕೆಗೆ ಒದಗಿಸುವುದು ಅವುಗಳ ಸಹಜ ಕೆಲಸ. ಈ ಕ್ರಿಯೆ ಹಿಮ್ಮುಖವಾಗಿಯೂ ನಡೆಯುತ್ತದೆ; ನಮಗೆ ದಕ್ಕಿದ ಅವಕಾಶ ಅದೇ. ಯೂರಿಡಿನ್ ಎಂಬ ನ್ಯೂಕ್ಲಿಯೊಸೈಡ್ ಮತ್ತು ಅಡೆನಿನ್ ಎಂಬ ಪ್ರತ್ಯಾಮ್ಲ ಎರಡನ್ನೂ ಕೊಟ್ಟು ನೋಡಿ. ಯೂರಿಡಿನ್ ಫಾಸ್ಫೊರಿಲೇಸ್ ಯೂರಿಡಿನ್ನನ್ನು ಒಡೆದು ರೈಬೋಸ್-1-ಫಾಸ್ಫೇಟ್ ಕೊಡುತ್ತದೆ, ಯುರಾಸಿಲ್ ಬೇರೆಯಾಗುತ್ತದೆ. ಪ್ಯೂರಿನ್ ನ್ಯೂಕ್ಲಿಯೊಸೈಡ್ ಫಾಸ್ಫೊರಿಲೇಸ್ ಆ ಸಕ್ಕರೆಯನ್ನು ಅಡೆನಿನ್‌ಗೆ ಜೋಡಿಸಿ ಅಡೆನೊಸಿನ್ ಮಾಡುತ್ತದೆ, ಫಾಸ್ಫೇಟನ್ನು ಹಿಂದಿರುಗಿಸುತ್ತದೆ. ಒಟ್ಟು ಲೆಕ್ಕದಲ್ಲಿ ಫಾಸ್ಫೇಟ್ ಖರ್ಚಾಗುವುದೇ ಇಲ್ಲ. ಆದರೆ ಅದಿಲ್ಲದೆ ಕೆಲಸ ಶುರುವಾಗುವುದೂ ಇಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಿಣ್ವಗಳನ್ನು ಶುದ್ಧಗೊಳಿಸಿ ಬಳಸಬಹುದಲ್ಲ ಎಂದು ನೀವು ಕೇಳಬಹುದು. ಬಳಸಬಹುದು. ಆದರೆ ಎರಡೂ ಕಿಣ್ವಗಳು ಒಂದೇ ಕೋಶದೊಳಗೆ ಸಿದ್ಧವಾಗಿರುವಾಗ ಶುದ್ಧೀಕರಣದ ಖರ್ಚನ್ನು ಹೊರುವ ಅಗತ್ಯ ಹಲವೊಮ್ಮೆ ಇರುವುದಿಲ್ಲ. ಇಡೀ ಕೋಶವನ್ನು ಬಳಸಿದಾಗ ಬರುವ ತೊಡಕು ಬೇರೆ: ಒಳಗಿರುವ ಅಡೆನೊಸಿನ್ ಡಿಅಮಿನೇಸ್ ಎಂಬ ಇನ್ನೊಂದು ಕಿಣ್ವ ನಾವು ಕಷ್ಟಪಟ್ಟು ಪಡೆದ ಅಡೆನೊಸಿನ್ನನ್ನು ಇನೊಸಿನ್ ಆಗಿ ಬದಲಾಯಿಸಿಬಿಡುತ್ತದೆ. ಇದಕ್ಕೆ ಸಿಕ್ಕ ಪರಿಹಾರ ನನಗೆ ಇಂದಿಗೂ ಅಚ್ಚರಿ ತರುತ್ತದೆ. ಪ್ರತಿಕ್ರಿಯೆಯನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಸಿದರಾಯಿತು. ಆ ಬಿಸಿಗೆ ಕೋಶ ಸಾಯುತ್ತದೆ, ಪೊರೆ ಸಡಿಲವಾಗಿ ಅಣುಗಳ ಓಡಾಟ ಸಲೀಸಾಗುತ್ತದೆ, ಡಿಅಮಿನೇಸ್ ನಿಷ್ಕ್ರಿಯವಾಗುತ್ತದೆ; ಫಾಸ್ಫೊರಿಲೇಸ್‌ಗಳು ಮಾತ್ರ ಬಿಸಿಯನ್ನು ತಾಳಿಕೊಂಡು ದುಡಿಯುತ್ತವೆ. 1980ರ ದಶಕದಲ್ಲಿ ಜಪಾನಿನ ಸಂಶೋಧಕರು ಎಂಟೆರೊಬ್ಯಾಕ್ಟರ್ ಏರೊಜೀನ್ಸ್ ಕೋಶಗಳಿಂದ ವೈರಸ್ ನಿರೋಧಕ ವಿಡರಬಿನ್ ತಯಾರಿಸಿದ್ದು ಇದೇ ದಾರಿಯಲ್ಲಿ.

ಬಿಡಿ ಕೋಶಗಳನ್ನು ದ್ರಾವಣದಿಂದ ಮತ್ತೆ ಮತ್ತೆ ಹೊರತೆಗೆದು ಬಳಸುವುದು ಕಷ್ಟ. ಅದಕ್ಕಾಗಿ ಅವುಗಳನ್ನು ಜೆಲ್‌ನಲ್ಲಿ ಸೆರೆಹಿಡಿದು ನಿಶ್ಚಲಗೊಳಿಸುತ್ತಾರೆ. ಇದನ್ನು ಕೈಗಾರಿಕೆಯ ಮಟ್ಟಕ್ಕೆ ಮೊದಲು ತಂದವರು ಜಪಾನಿನ ತನಾಬೆ ಸೆಯಾಕು ಕಂಪನಿಯ ಇಚಿರೊ ಚಿಬಾಟಾ ಮತ್ತು ಸಂಗಡಿಗರು. ಪಾಲಿಅಕ್ರಿಲಮೈಡ್ ಜೆಲ್‌ನಲ್ಲಿ ಹಿಡಿದಿಟ್ಟ ಈ-ಕೋಲಿ ಕೋಶಗಳಿಂದ 1973ರಲ್ಲಿ ಅವರು ಆಸ್ಪಾರ್ಟಿಕ್ ಆಮ್ಲದ ಉತ್ಪಾದನೆ ಆರಂಭಿಸಿದರು.

ನನ್ನ ಮುಖ್ಯ ಮಾತು ಇಲ್ಲಿದೆ. ಈ ಕ್ಷೇತ್ರಕ್ಕೆ ಬರುವವರು ಉತ್ತಮ ಬ್ಯಾಕ್ಟೀರಿಯಾ ಹುಡುಕುವುದಕ್ಕೆ ಕೊಡುವಷ್ಟೇ ಗಮನವನ್ನು ಜೆಲ್‌ನ ಆಯ್ಕೆಗೂ ಕೊಡಬೇಕು. ಎಲ್ಲರೂ ಮೊದಲು ಕೈಹಾಕುವುದು ಕಡಲಕಳೆಯಿಂದ ಸಿಗುವ ಆಲ್ಜಿನೇಟ್‌ಗೆ. ಸೋಡಿಯಂ ಆಲ್ಜಿನೇಟ್‌ನಲ್ಲಿ ಕೋಶಗಳನ್ನು ಕಲಸಿ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟರೆ ಪ್ರತಿ ಹನಿಯೂ ಬಿದ್ದಲ್ಲೇ ದುಂಡಗೆ ಗಟ್ಟಿಯಾಗುತ್ತದೆ. ಬಿಸಿ ಮಾಡಬೇಕಿಲ್ಲ, ವಿಷವಿಲ್ಲ, ನೋಡುವುದಕ್ಕೂ ಚೆಂದ. ಆದರೆ ಆ ಮಣಿಯನ್ನು ಹಿಡಿದಿಟ್ಟಿರುವುದು ಕ್ಯಾಲ್ಸಿಯಂ. ನಮ್ಮ ಪ್ರತಿಕ್ರಿಯೆಗೆ ಬೇಕೇಬೇಕಾದದ್ದು ಫಾಸ್ಫೇಟ್. ಫಾಸ್ಫೇಟ್ ಕ್ಯಾಲ್ಸಿಯಮನ್ನು ತನ್ನತ್ತ ಎಳೆದುಕೊಳ್ಳುತ್ತದೆ. ದ್ರಾವಣ ಬಿಳಿಚಿಕೊಳ್ಳುತ್ತದೆ, ಮಣಿಗಳು ಉಬ್ಬಿ ಮೆತ್ತಗಾಗುತ್ತವೆ, ಕೊನೆಗೆ ಒಡೆದು ಕೋಶಗಳೆಲ್ಲ ಹೊರಗೆ ಚೆಲ್ಲುತ್ತವೆ. ಬ್ಯಾಕ್ಟೀರಿಯಾದಲ್ಲಿ ಯಾವ ದೋಷವೂ ಇಲ್ಲದೆ ಪ್ರಯೋಗ ಕೆಡುತ್ತದೆ.

ಕಡಲಕಳೆಯಿಂದಲೇ ಬರುವ ಇನ್ನೊಂದು ಜೆಲ್ ಅಗರೋಸ್ ಇಂಥ ಕಡೆ ಹೆಚ್ಚು ನೆಚ್ಚಬಹುದಾದದ್ದು. ಅದಕ್ಕೆ ಕ್ಯಾಲ್ಸಿಯಂ ಬೇಡ. 40 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಮತ್ತೆ ಕರಗಬೇಕಾದರೆ 80 ಡಿಗ್ರಿ ದಾಟಬೇಕು, ಹಾಗಾಗಿ 60 ಡಿಗ್ರಿಯಲ್ಲಿ ಗಟ್ಟಿಯಾಗಿಯೇ ನಿಲ್ಲುತ್ತದೆ. ಪಾಲಿಅಕ್ರಿಲಮೈಡ್ ಇನ್ನೂ ಬಲವಾದದ್ದು, ಆದರೆ ಅದರ ಮೂಲವಸ್ತು ಅಕ್ರಿಲಮೈಡ್ ನರಮಂಡಲಕ್ಕೆ ವಿಷ. ಔಷಧ ತಯಾರಿಕೆಯಲ್ಲಿ ನಾನು ಅದನ್ನು ಹಿಂದಕ್ಕೇ ಇಡುತ್ತೇನೆ. ಮಣಿ ಯಾವುದೇ ಆಗಲಿ, ದಪ್ಪವಾದಷ್ಟೂ ಒಳಗಿನ ಕೋಶಗಳಿಗೆ ಅಣುಗಳು ತಲುಪುವುದು ತಡ.

ಇನ್ನೊಂದು ತಡೆ ಪ್ರತ್ಯಾಮ್ಲದ ಕಡೆಯಿಂದ ಬರುತ್ತದೆ. ಗ್ವಾನಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಅದರ ಬದಲು 2,6-ಡೈಅಮಿನೊಪ್ಯೂರಿನ್ ಕೊಟ್ಟು, ಅದರ ನ್ಯೂಕ್ಲಿಯೊಸೈಡ್ ಸಿಕ್ಕ ಮೇಲೆ ಅಡೆನೊಸಿನ್ ಡಿಅಮಿನೇಸ್‌ನಿಂದ ಗ್ವಾನೊಸಿನ್ ಮಾಡಿಕೊಳ್ಳಬಹುದು. ಒಂದು ಕಡೆ ನಾವು ಸುಮ್ಮನಾಗಿಸಿದ ಕಿಣ್ವವೇ ಇಲ್ಲಿ ನೆರವಿಗೆ ಬರುತ್ತದೆ.

ಸಕ್ಕರೆ ಡಿಆಕ್ಸಿರೈಬೋಸ್ ಆಗಿದ್ದರೆ ಇನ್ನೂ ನೇರವಾದ ಹಾದಿಯಿದೆ. ಲ್ಯಾಕ್ಟೊಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾಗಳಲ್ಲಿರುವ ಡಿಆಕ್ಸಿರೈಬೊಸಿಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವ ಸಕ್ಕರೆಯನ್ನು ಒಂದು ಪ್ರತ್ಯಾಮ್ಲದಿಂದ ಇನ್ನೊಂದಕ್ಕೆ ನೇರವಾಗಿ ದಾಟಿಸುತ್ತದೆ. ಅದಕ್ಕೆ ಫಾಸ್ಫೇಟ್ ಬೇಡ. ಆಮ್ಲೀಯತೆಯನ್ನು ಸ್ಥಿರವಾಗಿಡುವ ಬಫರ್ ದ್ರಾವಣ ಕೂಡ ಫಾಸ್ಫೇಟ್‌ನದೋ, ಅದರಂತೆಯೇ ಕ್ಯಾಲ್ಸಿಯಮನ್ನು ಎಳೆದುಕೊಳ್ಳುವ ಸಿಟ್ರೇಟ್‌ನದೋ ಆಗಿರದಂತೆ ನೋಡಿಕೊಂಡರೆ, ಅಲ್ಲಿ ಆಲ್ಜಿನೇಟ್ ಮಣಿಗಳನ್ನೂ ಧೈರ್ಯವಾಗಿ ಬಳಸಿ ನೋಡಬಹುದು.