ಪಡಸಾಲೆಯ ವೈಫೈ, ಊರಾಚೆಯ ಟವರ್

ಕೇಳುಗರೆಲ್ಲರಿಗೂ ನಮಸ್ಕಾರ.

ಗದಗ ಹತ್ತಿರದ ಹಳ್ಳಿಯಲ್ಲಿ ನಮ್ಮ ಕಾಕಾನ ಮನೆಯಿದೆ. ಹಳೆಯ ಮಾಳಿಗೆ ಮನೆ, ಎರಡು ಅಡಿ ದಪ್ಪದ ಮಣ್ಣಿನ ಗೋಡೆ. ಬೇಸಿಗೆಯಲ್ಲೂ ಒಳಗೆ ತಂಪು. ಆದರೆ ಮೊಬೈಲ್ ಸಿಗ್ನಲ್ ಮಾತ್ರ ಹೊಸ್ತಿಲು ದಾಟುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿರುವ ಮಗಳ ಜೊತೆ ಮಾತಾಡಬೇಕೆಂದರೆ ಕಾಕಾ ಏಣಿ ಹತ್ತಿ ಮಾಳಿಗೆಗೆ ಹೋಗಬೇಕಿತ್ತು. ಮಳೆ ಬಂದರೆ ಅದೂ ಇಲ್ಲ.

ಈಗ ಮನೆಗೆ ಫೈಬರ್ ಕೇಬಲ್‌ನ ಇಂಟರ್ನೆಟ್ ಬಂದಿದೆ. ಮೊದಲು ದೀಪ ಇಡುತ್ತಿದ್ದ ಗೂಡಿನಲ್ಲಿ ವೈಫೈ ಡಬ್ಬಿ ಕೂತಿದೆ. ಅದೇ ಮೊಬೈಲ್, ಅದೇ ನಂಬರ್, ಕರೆ ಮಾತ್ರ ವೈಫೈ ಮೂಲಕ ಬರುತ್ತದೆ. ಕಾಕಾ ನನ್ನನ್ನು ಕೇಳಿದರು: "ಹಂಗಾರ ಆ ಟವರ್ ಇನ್ನ ಯಾಕ ಬೇಕಪಾ?"

ಒಳ್ಳೆಯ ಪ್ರಶ್ನೆ, ಅಲ್ವಾ? ಒಂದು ಬಂದರೆ ಇನ್ನೊಂದು ಹೋಗಲೇಬೇಕಾ?

ಹಾಗೆ ಹೋಗಿದ್ದೂ ಉಂಟು. ವೈಮ್ಯಾಕ್ಸ್ ಎಂಬ ಹೆಸರು ಕೆಲವರಿಗೆ ನೆನಪಿರಬಹುದು. ಮನೆಮನೆಗೆ ಕೇಬಲ್ ಎಳೆಯದೆ ಟವರಿನಿಂದಲೇ ಇಂಟರ್ನೆಟ್ ಕೊಡುವ ತಂತ್ರ. ಓಡಾಡುತ್ತ ಬಳಸಬಹುದಾದ ಅದರ ರೂಪ 2005ರಲ್ಲೇ ಸಿದ್ಧವಾಗಿತ್ತು. ನಾವು 4ಜಿ ಎನ್ನುವ ಎಲ್‌ಟಿಇ ಗ್ರಾಹಕರಿಗೆ ಮೊದಲು ಸಿಕ್ಕಿದ್ದು 2009ರ ಡಿಸೆಂಬರ್‌ನಲ್ಲಿ, ಸ್ಟಾಕ್‌ಹೋಮ್ ಮತ್ತು ಓಸ್ಲೊದಲ್ಲಿ. ತಡವಾಗಿ ಬಂದ ಎಲ್‌ಟಿಇಯೇ ಗೆದ್ದಿತು. ಒಳಗಿನ ತಂತ್ರದಲ್ಲಿ ಎರಡಕ್ಕೂ ಬಹಳ ಹೋಲಿಕೆಯಿತ್ತು. ಆದರೆ ಎಲ್‌ಟಿಇ ಹಳೆಯ 2ಜಿ, 3ಜಿ ಜೊತೆ ಹೊಂದಿಕೊಂಡಿತು. 4ಜಿ ಇಲ್ಲದ ಊರಿಗೆ ಹೋದರೆ ಫೋನ್ ಹಳೆಯ ನೆಟ್‌ವರ್ಕ್ ಹಿಡಿಯುತ್ತಿತ್ತು. ಮೊಬೈಲ್ ಕಂಪನಿಗಳಿಗೂ ಫೋನ್ ತಯಾರಿಸುವವರಿಗೂ ಅದೇ ಅನುಕೂಲವಾಯಿತು. 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ ಶುರುವಾದ ನಮ್ಮ ದೇಶದ ಮೊದಲ 4ಜಿ ಕೂಡ ಎಲ್‌ಟಿಇಯೇ.

ಅಲ್ಲಿ ಇಬ್ಬರೂ ಒಂದೇ ಕೆಲಸಕ್ಕೆ ನಿಂತಿದ್ದರು. ವೈಫೈ ಹಾಗಲ್ಲ. ಮೊಬೈಲ್ ಕಂಪನಿ ತನ್ನ ರೇಡಿಯೊ ತರಂಗಗಳನ್ನು ಸರ್ಕಾರದ ಹರಾಜಿನಲ್ಲಿ ಕೊಳ್ಳುತ್ತದೆ, ಮೈಲಿಗಟ್ಟಲೆ ಹರಡುತ್ತದೆ. ವೈಫೈ ತರಂಗಕ್ಕೆ ನೀವು ನಾವು ಲೈಸೆನ್ಸ್ ತೆಗೆದುಕೊಳ್ಳಬೇಕಿಲ್ಲ. ಪಕ್ಕದ ಮನೆಯವರೂ ಅದನ್ನೇ ಬಳಸುತ್ತಾರೆ. ಅದಕ್ಕೇ ಅದರ ಶಕ್ತಿಗೆ ಮಿತಿಯಿದೆ. ಮನೆ, ಅಂಗಳ, ಅಷ್ಟೇ ಅದರ ಊರು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನೇ ನೋಡಿ. ಸೀಸನ್‌ನಲ್ಲಿ ಚೀಲದ ಪಕ್ಕ ಚೀಲ, ಮನುಷ್ಯರ ಪಕ್ಕ ಮನುಷ್ಯರು, ಎಲ್ಲರ ಕೈಯಲ್ಲೂ ಫೋನ್. ಟವರಿನ ಸಾಮರ್ಥ್ಯವನ್ನು ಅಷ್ಟೂ ಜನ ಹಂಚಿಕೊಳ್ಳಬೇಕು. ಅಂಥ ಕಡೆ ಅಂಗಡಿಗಳಲ್ಲಿ ವೈಫೈ ಇದ್ದರೆ ಟವರಿನ ಭಾರ ಇಳಿಯುತ್ತದೆ. ಸಣ್ಣ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ವೈಫೈ ಕೊಡಬಹುದಾದ ಪಿಎಂ-ವಾಣಿ ಯೋಜನೆಗೆ ಕೇಂದ್ರ ಸರ್ಕಾರ 2020ರ ಡಿಸೆಂಬರ್‌ನಲ್ಲೇ ಒಪ್ಪಿಗೆ ಕೊಟ್ಟಿದೆ. ನಮ್ಮ ಸಂತೆಗಳಲ್ಲಿ, ಬಸ್ ನಿಲ್ದಾಣಗಳ ಪಕ್ಕದ ಚಹಾದಂಗಡಿಗಳಲ್ಲಿ ಇದು ಜಾಸ್ತಿ ಕಾಣಬೇಕು ಎಂಬುದು ನನ್ನ ಆಸೆ.

ಕಾಕಾನ ಪ್ರಶ್ನೆಗೆ ಉತ್ತರ ಆವತ್ತು ಸಂಜೆಯೇ ಸಿಕ್ಕಿತು. ಕರೆಂಟ್ ಹೋಯಿತು. ಗೂಡಿನೊಳಗಿನ ಹಸಿರು ದೀಪ ಆರಿತು, ವೈಫೈಯೂ ನಿಂತಿತು. ಟವರಿಗೆ ಬ್ಯಾಟರಿಯಿದೆ, ಅದು ನಡೆಯುತ್ತಿತ್ತು. ಕಾಕಾ ಫೋನ್ ಹಿಡಿದು ಮತ್ತೆ ಏಣಿ ಹತ್ತಿ ಮಾಳಿಗೆಗೆ ಹೋದರು. ಎರಡು ಕಡ್ಡಿ ಸಿಗ್ನಲ್ ಇತ್ತು. ಕೂತು ಮಗಳಿಗೆ ಫೋನ್ ಹಚ್ಚಿದರು.

ನಮಸ್ಕಾರ.