ಹರಿಕೇನ್ ಯಾರ ಮಾತು?

ಕೇಳುಗರಿಗೆಲ್ಲ ನಮಸ್ಕಾರ.

ಕಡಲಲ್ಲಿ ಏಳುವ ದೊಡ್ಡ ಬಿರುಗಾಳಿಗೆ ಊರಿಗೊಂದು ಹೆಸರು. ಅರಬ್ಬಿ ಸಮುದ್ರದಲ್ಲೋ ಬಂಗಾಳ ಕೊಲ್ಲಿಯಲ್ಲೋ ಎದ್ದರೆ ನಾವು ಸೈಕ್ಲೋನ್ ಅನ್ನುತ್ತೇವೆ. ವಾರ್ತೆ ಓದುವವರು ಚಂಡಮಾರುತ ಅನ್ನುತ್ತಾರೆ. ಜಪಾನ್, ಫಿಲಿಪ್ಪೀನ್ಸ್ ಕಡೆ ಟೈಫೂನ್. ಅಟ್ಲಾಂಟಿಕ್ ಸಾಗರದಲ್ಲಿ ಎದ್ದು ಅಮೆರಿಕದ ಕಡೆ ನುಗ್ಗಿದರೆ ಹರಿಕೇನ್. ಮೂರರ ಹುಟ್ಟೂ ಒಂದೇ ಥರ. ಬೆಚ್ಚಗಿನ ಕಡಲಿಂದ ಆವಿ ಏಳುತ್ತದೆ, ಗಾಳಿ ಸುತ್ತತೊಡಗುತ್ತದೆ, ನಟ್ಟನಡುವೆ ಒಂದು ಕಣ್ಣು. ಗಾಳಿಯ ವೇಗ ಗಂಟೆಗೆ 119 ಕಿಲೋಮೀಟರ್ ಮುಟ್ಟಿದ ಮೇಲಷ್ಟೇ ಅಲ್ಲಿಯವರು ಅದನ್ನು ಹರಿಕೇನ್ ಅಂತ ಕರೆಯುವುದು.

ಇದು ಇಂಗ್ಲಿಷಿನವರದೇ ಮಾತು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಅಲ್ಲ. ಇಂಗ್ಲಿಷಿನವರು ಅದನ್ನು ಸ್ಪೇನಿನವರಿಂದ ತೆಗೆದುಕೊಂಡರು. ಸ್ಪೇನಿನವರು ತೆಗೆದುಕೊಂಡದ್ದು ಕ್ಯಾರಿಬಿಯನ್ ದ್ವೀಪಗಳ ತೈನೊ ಜನರಿಂದ. ಇವತ್ತಿನ ಕ್ಯೂಬಾ, ಹೈಟಿ, ಜಮೈಕಾ, ಪೋರ್ಟೊರಿಕೊ ಇವೆಲ್ಲ ಅವರ ನೆಲ. ಅವರ ಬಾಯಲ್ಲಿ ಇದು 'ಹುರಕಾನ್'.

ಸ್ಪೇನಿನವರಿಗೆ ಬಿರುಗಾಳಿ ಹೊಸತಾಗಿರಲಿಲ್ಲ. ಅವರದೂ ಹಡಗಿನ ಬಾಳು. ಆದರೆ ಇಲ್ಲಿಯ ಗಾಳಿಯ ವರಸೆಯೇ ಬೇರೆ ಅಂತ ಅವರಿಗೆ ಅರಿವಾದದ್ದು ಪೆಟ್ಟು ತಿಂದ ಮೇಲೆ. 1502ರ ಜೂನ್ ಕೊನೆಯಲ್ಲಿ ಕೊಲಂಬಸ್ ನಾಲ್ಕು ಹಡಗು ಕಟ್ಟಿಕೊಂಡು ಸ್ಯಾಂಟೊ ಡೊಮಿಂಗೊ ಬಂದರಿಗೆ ಬಂದ. ಅಷ್ಟು ವರ್ಷ ಆ ಕಡಲಲ್ಲಿ ಅಲೆದವನು, ಗಾಳಿಯ ಗುರುತು ಹಿಡಿದುಬಿಟ್ಟ. 'ದೊಡ್ಡ ಗಾಳಿ ಬರುತ್ತಿದೆ, ಒಳಗೆ ಬಿಡಿ. ಸ್ಪೇನಿಗೆ ಹೊರಟಿರುವ ನಿಮ್ಮ ಹಡಗುಗಳನ್ನೂ ನಿಲ್ಲಿಸಿಕೊಳ್ಳಿ' ಅಂತ ಹೇಳಿ ಕಳಿಸಿದ. ಅಲ್ಲಿಯ ಗವರ್ನರ್ ಒವಾಂಡೊ ಅವನನ್ನು ಬಂದರಿಗೂ ಬಿಡಲಿಲ್ಲ, ಮಾತಿಗೆ ಬೆಲೆಯನ್ನೂ ಕೊಡಲಿಲ್ಲ. ಸುಮಾರು 30 ಹಡಗುಗಳು ಚಿನ್ನ ತುಂಬಿಕೊಂಡು ಹೊರಟವು. ಮುಕ್ಕಾಲುಪಾಲು ಮುಳುಗಿದವು, ಇಲ್ಲವೇ ದಡಕ್ಕೆ ಅಪ್ಪಳಿಸಿ ಒಡೆದವು. ಸತ್ತವರು ಸುಮಾರು 500 ಜನ. ಎರಡು ವರ್ಷ ಹಿಂದೆ ಕೊಲಂಬಸ್‌ಗೆ ಬೇಡಿ ಹಾಕಿಸಿದ್ದ ಬೊಬಡಿಲ್ಲಾ ಕೂಡ ಅವರಲ್ಲೊಬ್ಬ. ಕೊಲಂಬಸ್‌ನ ನಾಲ್ಕೂ ಹಡಗು ಉಳಿದವು. ಇದನ್ನು ಕಥೆಯಲ್ಲಿ ಬರೆದಿದ್ದರೆ ಸುಮ್ನೆ ಕಟ್ಟಿದ್ದು ಅನ್ನುತ್ತಿದ್ದೆವು, ಅಲ್ವಾ?

ಇಂಥ ಗಾಳಿಗೆ ತಮ್ಮ ಹಳೆಯ ಹೆಸರು ಸಾಲದು ಅಂತ ಅವರಿಗೂ ಅನ್ನಿಸಿರಬೇಕು. ಊರಿನವರು ಏನನ್ನುತ್ತಾರೋ ಅದನ್ನೇ ಅಂದರು. 1555ರಲ್ಲಿ ಅಚ್ಚಾದ ಒಂದು ಇಂಗ್ಲಿಷ್ ಅನುವಾದದಲ್ಲಿ ಅದು 'ಫುರಕಾನೆಸ್' ಅಂತ ಬರುತ್ತದೆ. ಆಮೇಲೆ ನೂರು ವರ್ಷ ಒಬ್ಬೊಬ್ಬರದೂ ಒಂದೊಂದು ಕಾಗುಣಿತ. ಶೇಕ್ಸ್‌ಪಿಯರ್‌ನ ಲಿಯರ್ ರಾಜ ಮಳೆಯಲ್ಲಿ ನಿಂತು ಕೂಗುವುದು 'ಹರಿಕೇನೋ' ಅಂತ. ಇವತ್ತಿನ ರೂಪ ನೆಲೆ ನಿಂತದ್ದು ಅದಕ್ಕೂ ಆಮೇಲೆ.

ಹುರಕಾನ್ ಅಂದರೆ ತೈನೊ ಜನರ ಕೆಟ್ಟ ದೇವರು ಅಂತ ಹೇಳುವುದನ್ನು ನೀವು ಕೇಳಿರಬಹುದು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅದಕ್ಕೆ ಕಾರಣ ರಮೋನ್ ಪಾನೆ ಅನ್ನುವ ಒಬ್ಬ ಸನ್ಯಾಸಿ. ಕೊಲಂಬಸ್ ಹೇಳಿದನೆಂದು ಈತ ತೈನೊ ಜನರ ನಡುವೆ ಇದ್ದು, ಅವರ ಮಾತು ಕಲಿತು, ಅವರ ನಂಬಿಕೆಗಳನ್ನು 1498ರ ಹೊತ್ತಿಗೆ ಬರೆದಿಟ್ಟ. ಅವನ ಬರಹದಲ್ಲಿ ಗಾಳಿಯ ಒಡತಿಯ ಹೆಸರು ಬೇರೆಯೇ ಇದೆ. ಅವಳು ಗ್ವಾಬನ್ಸೆಷ್. ಹೆಣ್ಣು. ಕಲ್ಲಿನಲ್ಲಿ ಮಾಡಿದ ಮೂರ್ತಿ. ಅವಳಿಗೆ ಸಿಟ್ಟು ಬಂದರೆ ಗಾಳಿಯನ್ನೂ ನೀರನ್ನೂ ಎಬ್ಬಿಸುತ್ತಾಳೆ, ಮನೆ ಕೆಡವುತ್ತಾಳೆ, ಮರ ಕೀಳುತ್ತಾಳೆ.

ಅವಳ ಜೊತೆ ಇಬ್ಬರಿದ್ದಾರೆ. ಒಬ್ಬ ಗ್ವಾಟಾಬಾ, ಡಂಗುರ ಸಾರುವವನು. ಅವಳ ಅಪ್ಪಣೆ ಹೊತ್ತು ಸೀಮೆಯ ಮಿಕ್ಕ ದೇವರನ್ನೆಲ್ಲ ಗಾಳಿ ಮಳೆ ಎಬ್ಬಿಸಲು ಕರೆಯುತ್ತಾನೆ. ಇನ್ನೊಬ್ಬ ಕೊಟ್ರಿಸ್ಕಿಯೆ. ಬೆಟ್ಟಗಳ ನಡುವಿನ ಕಣಿವೆಯಲ್ಲಿ ನೀರು ಕೂಡಿಹಾಕಿ, ಆಮೇಲೆ ಒಟ್ಟಿಗೆ ಬಿಟ್ಟುಬಿಡುತ್ತಾನೆ. ನನಗೆ ಇಡೀ ವಿಷಯದಲ್ಲಿ ಜಾಸ್ತಿ ಹಿಡಿಸಿದ್ದು ಇದೇ. ಮೊದಲು ಮೋಡ, ಬಿಟ್ಟುಬಿಟ್ಟು ಬೀಸುವ ಗಾಳಿ. ಆಮೇಲೆ ನಿಜವಾದ ಹೊಡೆತ. ಗಾಳಿ ನಿಂತಿತು, ಬದುಕಿದೆವು ಅನ್ನುವಾಗ ಬೆಟ್ಟದಿಂದ ಇಳಿಯುವ ನೆರೆ. ಚಂಡಮಾರುತ ಗುಡ್ಡಗಾಡಿನ ದ್ವೀಪಕ್ಕೆ ಬಂದರೆ ಇವತ್ತಿಗೂ ನಡೆಯುವುದು ಹೀಗೇ. ನೋಡಿ ನೋಡಿ ಪಳಗಿದ ಕಣ್ಣಿಗಲ್ಲದೆ ಇನ್ನಾರಿಗೆ ಹೀಗೆ ಹೇಳಲು ಬಂದೀತು?

ಇನ್ನೊಂದು ವಾದವೂ ಇದೆ. ಗ್ವಾಟೆಮಾಲಾದ ಕಿಚೆ ಮಾಯಾ ಜನರ ಪುರಾಣದಲ್ಲಿ 'ಹುರಕಾನ್' ಅಂತ ಒಬ್ಬ ಆಕಾಶದ ದೇವರು ಬರುತ್ತಾನೆ. ಆ ಹೆಸರಿಗೆ ಒಂಟಿಕಾಲಿನವನು ಅಂತ ಅರ್ಥ ಹೇಳುತ್ತಾರೆ. ಮಾತು ಅಲ್ಲಿಂದಲೇ ಬಂತು ಅನ್ನುವವರಿದ್ದಾರೆ. ಆದರೆ ಸ್ಪೇನಿನ ಪಡೆ ಗ್ವಾಟೆಮಾಲಾಕ್ಕೆ ಕಾಲಿಟ್ಟದ್ದು 1524ರಲ್ಲಿ. ಅಷ್ಟರಲ್ಲಿ ಈ ಮಾತು ಯುರೋಪಿನಲ್ಲಿ ಅಚ್ಚಾಗಿ ವರ್ಷಗಳೇ ಆಗಿದ್ದವು. ಹಾಗಾಗಿ ಯುರೋಪಿನವರ ಕಿವಿಗೆ ಅದು ಬಿದ್ದದ್ದು ದ್ವೀಪಗಳಲ್ಲೇ.

ಕ್ಯೂಬಾದ ವಿದ್ವಾಂಸ ಫರ್ನಾಂಡೊ ಒರ್ಟಿಸ್ 1947ರಲ್ಲಿ ಇದರ ಬಗ್ಗೆ ಒಂದು ದಪ್ಪ ಪುಸ್ತಕವನ್ನೇ ಬರೆದರು. ಪೂರ್ವ ಕ್ಯೂಬಾದಲ್ಲಿ ಸಿಕ್ಕಿದ ಹಳೆಯ ಮೂರ್ತಿಗಳು ಅವರ ಕಣ್ಣಿಗೆ ಬಿದ್ದಿದ್ದವು. ನಡುವೆ ಒಂದು ದುಂಡು ಮುಖ. ಒಂದು ಕೈ ಮೇಲಕ್ಕೆ ಬಾಗಿದೆ, ಇನ್ನೊಂದು ಕೆಳಕ್ಕೆ. ಉಪಗ್ರಹದ ಚಿತ್ರದಲ್ಲಿ ನಾವು ನೋಡುವ ಸುರುಳಿಯೇ! ಗಾಳಿ ಸುತ್ತುತ್ತದೆ ಅಂತ ತೈನೊ ಜನರಿಗೆ ಗೊತ್ತಿತ್ತು ಅಂತ ಒರ್ಟಿಸ್ ವಾದ. ಬರೀ ಮೂರ್ತಿ ನೋಡಿ ಅಷ್ಟು ಗಟ್ಟಿಯಾಗಿ ಹೇಳುವುದು ಕಷ್ಟ, ಆದರೂ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಪಶ್ಚಿಮದ ವಿಜ್ಞಾನ ಈ ಸುತ್ತುವ ಮಾತನ್ನು ಸರಿಯಾಗಿ ವಿವರಿಸಿದ್ದು 1831ರಲ್ಲಿ. ಅಮೆರಿಕದ ವಿಲಿಯಂ ರೆಡ್‌ಫೀಲ್ಡ್ ಅನ್ನುವವರು ಬಿರುಗಾಳಿಗೆ ಉರುಳಿದ ಮರಗಳನ್ನು ನೋಡುತ್ತ ಹೋದರು. ಒಂದೇ ಗಾಳಿಗೆ ಒಂದು ಊರಲ್ಲಿ ಮರಗಳು ಈ ಕಡೆ ತಲೆ ಹಾಕಿ ಬಿದ್ದಿದ್ದವು, ಇನ್ನೊಂದು ಊರಲ್ಲಿ ಆ ಕಡೆ. ಆಮೇಲೆ ನಮ್ಮ ಕಲ್ಕತ್ತದಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಹಡಗಿನವರ ದಿನಚರಿಗಳನ್ನು ಕೆದಕಿ, 1848ರ ತನ್ನ ಪುಸ್ತಕದಲ್ಲಿ ಹೊಸ ಹೆಸರು ಕಟ್ಟಿದ. ಹಾವಿನ ಸುತ್ತು ಅನ್ನುವ ಅರ್ಥದ ಗ್ರೀಕ್ ಮಾತಿನಿಂದ. ಅದೇ ಸೈಕ್ಲೋನ್.

ನಮ್ಮ ಕಡೆ ಹರಿಕೇನ್ ಗಾಳಿ ಯಾವತ್ತೂ ಬೀಸಿಲ್ಲ. ಆದರೂ ಹೆಸರು ಮಾತ್ರ ಮನೆಯೊಳಗೇ ಬಂದಿತ್ತು, ಲಾಟೀನಿನ ಜೊತೆ. ಹರಿಕೇನ್ ಲಾಟೀನು ಅಂತಲೇ ಅದನ್ನು ಮಾರುತ್ತಿದ್ದರು, ಬಿರುಗಾಳಿಗೂ ಆರದ ದೀಪ ಅಂತ. ಅದರ ಎರಡೂ ಪಕ್ಕ ಕೊಳವೆಗಳು ಇರುತ್ತಿದ್ದವು, ನೆನಪಿದೆಯಾ? ಅವು ಬರೀ ಚೌಕಟ್ಟಿಗಲ್ಲ. ಬತ್ತಿಗೆ ಬೇಕಾದ ಗಾಳಿ ಮೇಲಿಂದ ಇಳಿದು ಬರುತ್ತಿದ್ದದ್ದು ಅವುಗಳ ಒಳಗಿಂದಲೇ. ಹೊರಗಿನ ಗಾಳಿ ನೇರವಾಗಿ ಉರಿಗೆ ತಾಗುತ್ತಿರಲಿಲ್ಲ.

ತೈನೊ ಮಾತು ಇನ್ನೊಂದು ದಾರಿಯಲ್ಲೂ ನಮ್ಮಲ್ಲಿಗೆ ಬಂದಿದೆ. ಅವರು ಗೆಣಸಿಗೆ 'ಬಟಾಟಾ' ಅನ್ನುತ್ತಿದ್ದರು. ಪೋರ್ಚುಗೀಸರು ಆ ಹೆಸರನ್ನು ನಮ್ಮ ಪಡುವಣ ಕರಾವಳಿಗೆ ತಂದರು. ಇಲ್ಲಿ ಅದು ಆಲೂಗಡ್ಡೆಗೆ ಅಂಟಿಕೊಂಡಿತು. ಮಂಗಳೂರು, ಉಡುಪಿ ಕಡೆಯವರು ಇವತ್ತಿಗೂ ಬಟಾಟೆ ಅನ್ನುತ್ತಾರೆ. ಹೊರಗೆ ಮಳೆ ಹೊಡೆಯುವಾಗ ಅಲ್ಲಿ ಬಟಾಟೆ ಪೋಡಿ ಕರಿಯುವುದೂ ಉಂಟು.

ನಮಸ್ಕಾರ.