ಗೋಡೆಯಾಚೆಗೆ ಎಸೆಯುವ ತೋಪು

ಎಲ್ಲರಿಗೂ ನಮಸ್ಕಾರ. ಮೊದಲನೇ ಮಹಾಯುದ್ಧದ ಕಥೆ ಈ ಸಭೆಗೆ ಗೊತ್ತಿರುವುದೇ. ಹಾಗಾಗಿ ನೇರವಾಗಿ ತೋಪಿಗೇ ಬರುತ್ತೇನೆ. ಬ್ರಿಟಿಷರ 4.5 ಇಂಚಿನ ಹೋವಿಟ್ಜರ್. ಹೋವಿಟ್ಜರ್ ಅಂದರೆ ಗುಂಡನ್ನು ಎತ್ತರಕ್ಕೆ ಎಸೆದು ಮರೆಯ ಹಿಂದೆ ಬೀಳಿಸುವ ತೋಪು; 4.5 ಇಂಚು ಅದರ ನಳಿಗೆಯ ಒಳಗಿನ ಅಗಲ.

ತೋಪು ಅಂದ ತಕ್ಷಣ ಎಷ್ಟು ದೂರ ಹೊಡೆಯುತ್ತೆ ಅಂತ ಕೇಳುತ್ತೇವೆ, ಅಲ್ವಾ? ನನ್ನ ವಾದ ಬೇರೆ. ಹೋವಿಟ್ಜರ್‌ನ ಜಾಣತನ ಇರುವುದು ಮೆಲ್ಲಗೆ ಹೊಡೆಯುವುದರಲ್ಲಿ. ಕಾಂಪೌಂಡ್ ಗೋಡೆಗೆ ಒರಗಿ ಆಚೆ ಕೂತವನಿಗೆ ಚೆಂಡು ತಲುಪಿಸಬೇಕು ಅಂದುಕೊಳ್ಳಿ. ಜೋರಾಗಿ ಎಸೆದರೆ ಗೋಡೆಗೆ ಬಡಿಯುತ್ತೆ, ಇಲ್ಲವೇ ಅವನನ್ನು ದಾಟಿ ಎಲ್ಲೋ ಬೀಳುತ್ತೆ. ಎತ್ತರಕ್ಕೆ, ಹದವಾಗಿ ಎಸೆಯಬೇಕು. 1999ರಲ್ಲಿ ಕಾರ್ಗಿಲ್‌ನಲ್ಲಿ ನಮ್ಮ ಬೋಫೋರ್ಸ್ ಮಾಡಿದ್ದೂ ಇದನ್ನೇ. ಅದೂ ಹೋವಿಟ್ಜರೇ.

ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಪೆಟ್ಟು ತಿಂದ ಮೇಲೆ ಬ್ರಿಟಿಷರು ಹೊಸ ತೋಪು ಹುಡುಕಿದರು. ಕವೆಂಟ್ರಿ ಆರ್ಡ್ನೆನ್ಸ್ ವರ್ಕ್ಸ್ ಅನ್ನುವ ಕಂಪನಿ ಕೊಟ್ಟ ವಿನ್ಯಾಸ ಗೆದ್ದಿತು. ಗುಂಡಿನ ತೂಕ 35 ಪೌಂಡ್, ಹೆಚ್ಚುಕಮ್ಮಿ 16 ಕಿಲೋ. ನಳಿಗೆ 45 ಡಿಗ್ರಿವರೆಗೆ ಏಳುತ್ತಿತ್ತು. ದೂರ ಆರೂವರೆ ಕಿಲೋಮೀಟರ್ ಚಿಲ್ಲರೆ. ಜಾಸ್ತಿ ಏನಲ್ಲ.

ಅದರ ಹಿತ್ತಾಳೆ ತೋಟಾವನ್ನು ಹತ್ತಿರದಿಂದ ನೋಡಿ. ಗುಂಡು ಬೇರೆ, ತೋಟಾ ಬೇರೆ. ತೋಟಾದೊಳಗೆ ಕಾರ್ಡೈಟ್ ಮದ್ದಿನ ಪುಟ್ಟ ಚೀಲಗಳು. ಗುರಿ ಹತ್ತಿರ ಇದ್ದರೆ ಸೈನಿಕ ಒಂದೋ ಎರಡೋ ಚೀಲ ಹೊರಗೆ ತೆಗೆಯುತ್ತಿದ್ದ. ಸಾರಿಗೆ ಖಾರ ಕಮ್ಮಿ ಮಾಡಿದ ಹಾಗೆ! ಗುಂಡು ನಿಧಾನವಾಗಿ ಏರಿ, ಮರೆಯ ಹಿಂದೆ ಕಡಿದಾಗಿ ಇಳಿಯುತ್ತಿತ್ತು.

ಇನ್ನೊಂದು ತಲೆನೋವು. ನಳಿಗೆ ಮೇಲಕ್ಕೆ ನೋಡುತ್ತಿರುವಾಗ ಹೊಡೆದರೆ ಅದರ ಹಿಂಭಾಗ ನೆಲದ ಕಡೆಗೇ ನುಗ್ಗುತ್ತೆ. ಅದಕ್ಕೇ ಕೋನ ಹೆಚ್ಚಿದಷ್ಟೂ ಹಿಂಜಗ್ಗು, ಅಂದರೆ ಹೊಡೆದಾಗ ನಳಿಗೆ ಹಿಂದಕ್ಕೆ ಜಾರುವ ದೂರ, ತನ್ನಷ್ಟಕ್ಕೇ ಮೊಟಕಾಗುವ ಏರ್ಪಾಡು ಮಾಡಿದ್ದರು.

ಈಗ ನನಗೆ ತುಂಬಾ ಇಷ್ಟವಾದ ಕಥೆ. 1914ರ ಆಗಸ್ಟ್ 26, ಫ್ರಾನ್ಸಿನ ಲ ಕಟೋ. ಬ್ರಿಟಿಷ್ ಸೈನ್ಯ ಹಿಂದೆ ಸರಿಯುತ್ತಿದೆ. 37ನೇ ಹೋವಿಟ್ಜರ್ ಬ್ಯಾಟರಿಯ, ಅಂದರೆ ತೋಪುದಳದ, ತೋಪುಗಳು ಹಿಂದೆ ಉಳಿದಿವೆ. ಕ್ಯಾಪ್ಟನ್ ಡಗ್ಲಸ್ ರೆನಾಲ್ಡ್ಸ್ ತಾನಾಗಿ ಮುಂದೆ ಬಂದವರನ್ನು ಕರೆದುಕೊಂಡು, ಎರಡು ಕುದುರೆ ತಂಡ ಕಟ್ಟಿಕೊಂಡು ವಾಪಸ್ ಹೊರಟರು. ಒಂದು ತಂಡ ಅಂದರೆ ಆರು ಕುದುರೆ, ಮೂರು ಜೋಡಿ. ಪ್ರತಿ ಜೋಡಿಯ ಎಡಗಡೆ ಕುದುರೆ ಮೇಲೆ ಒಬ್ಬ ಸವಾರ. ಬಂದೂಕು ಹಿಡಿಯಲು ಅವನ ಕೈ ಖಾಲಿ ಇರುವುದಿಲ್ಲ. ಎರಡೂ ಕೈ ಲಗಾಮು, ಚಾಟಿಗೇ ಸರಿ. ಜರ್ಮನ್ನರು ಬರೀ ನೂರು ಗಜದಲ್ಲಿದ್ದರು. ಅಂದರೆ ಕ್ರಿಕೆಟ್ ಮೈದಾನದ ಈ ಬೌಂಡರಿಯಿಂದ ಆ ಬೌಂಡರಿಗಿಂತ ಹತ್ತಿರ. ಅಲ್ಲಿ ಇಳಿದು, ತೋಪಿನ ಬಾಲ ಎತ್ತಿ, ಬಂಡಿಗೆ ಸಿಕ್ಕಿಸಬೇಕು. ಎರಡು ತೋಪು ಸಿಕ್ಕಿಸಿದರು. ಒಂದು ತಂಡ ಜರ್ಮನ್ನರ ಗುಂಡೇಟಿಗೆ ಉರುಳಿತು. ಇನ್ನೊಂದು ಪಾರಾಯಿತು! ರೆನಾಲ್ಡ್ಸ್ ಜೊತೆ ಸವಾರರಾದ ಜಾಬ್ ಡ್ರೇನ್, ಫ್ರೆಡರಿಕ್ ಲ್ಯೂಕ್ ಇಬ್ಬರಿಗೂ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಆ ಕುದುರೆಗಳ ಹೆಸರೂ ಎಲ್ಲಾದರೂ ಬರೆದಿಟ್ಟಿದ್ದರೆ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಫ್ರಾನ್ಸಿನ ಸೊಮ್ ಕದನದ ಬಗ್ಗೆ ಅರ್ಧ ಗಂಟೆ ಮಾತಾಡಬೇಕು ಅಂತಿದ್ದೆ, ಎರಡೇ ಮಾತು ಹೇಳುತ್ತೇನೆ. 1916ರಲ್ಲಿ ಅಲ್ಲಿ ಬ್ರಿಟಿಷರು ಏಳು ದಿನ ಗುಂಡಿನ ಮಳೆ ಸುರಿಸಿದರು. ಎಷ್ಟೋ ಗುಂಡು ಸಿಡಿಯಲೇ ಇಲ್ಲ. ಜರ್ಮನ್ನರು ಆಳದ ಸುರಂಗದಲ್ಲಿ ಕೂತಿದ್ದರು. 16 ಕಿಲೋದ ಗುಂಡು ಅಷ್ಟು ಕೆಳಗೆ ಇಳಿಯುವುದಿಲ್ಲ. ತೋಪನ್ನು ಬೈದು ಏನು ಪ್ರಯೋಜನ? ಅದು ಮಾಡಲಾಗದ ಕೆಲಸ ಅದಕ್ಕೆ ಕೊಟ್ಟಿದ್ದರು. ಮುಂದೆ ತಾಗಿದ ಕ್ಷಣವೇ ಸಿಡಿಯುವ 106ನೇ ನಂಬರಿನ ಫ್ಯೂಸ್, ಅಂದರೆ ಗುಂಡನ್ನು ಸಿಡಿಸುವ ಸಾಧನ, ಬಂತು. ಗುಂಡು ಮಣ್ಣಿನಲ್ಲಿ ಹೂತುಹೋಗುವ ಮೊದಲೇ ಸಿಡಿದು ಮುಳ್ಳುತಂತಿ ಹರಿಯತೊಡಗಿತು.

ಎರಡನೇ ಮಹಾಯುದ್ಧಕ್ಕೂ ಇದೇ ತೋಪು ಹೋಯಿತು, ಮರದ ಚಕ್ರದ ಬದಲು ರಬ್ಬರ್ ಟೈರ್ ಹಾಕಿಸಿಕೊಂಡು. ಚೀಲ ಎಣಿಸಿ ತೆಗೆಯುವ ಕೆಲಸ ಮಾತ್ರ ಹಾಗೇ ಇತ್ತು. ಪ್ರಶ್ನೆ ಇದ್ದರೆ ಕೇಳಿ.